ವಾಲಿಸಿದ ಅಕ್ಷರ, ಓಡುವ ಅಕ್ಷರ

ಕನ್ನಡದ ದಪ್ಪ ಓರೆ ಅಕ್ಷರಕ್ಕೆ ಈಚಿನ ವರ್ಷಗಳಲ್ಲಿ ಬಂದಿರುವ ಹೆಸರು ಅದು ದುಡಿದು ಗಳಿಸಿದ್ದಲ್ಲ. ಪತ್ರಿಕೆಯ ಪುಟ ಕಟ್ಟುವವರು, ಫ್ಲೆಕ್ಸ್ ಅಂಗಡಿಯವರು, ಜಾಹೀರಾತು ಮಾಡುವವರು, ಅವರ ಜೊತೆಗೆ ಅಕ್ಷರ ವಿನ್ಯಾಸದ ಬಗ್ಗೆ ಬರೆಯುವ ನಮ್ಮ ಕೆಲವು ವಿಮರ್ಶಕರೂ ಸೇರಿ ಅದಕ್ಕೆ ಲವಲವಿಕೆಯ ಅಕ್ಷರ, ವೇಗದ ಅಕ್ಷರ, ಈ ಕಾಲದ ಅಕ್ಷರ ಎಂದೆಲ್ಲ ಬಿರುದು ಕೊಟ್ಟಿದ್ದಾರೆ. ಕಬಡ್ಡಿ ಪಂದ್ಯಾವಳಿಯ ಬ್ಯಾನರು, ಕೊರಿಯರ್ ಕಚೇರಿಯ ಬೋರ್ಡು, ಟಯರ್ ಅಂಗಡಿ, ಕೋಚಿಂಗ್ ಸೆಂಟರು, ಸಂಜೆ ಪತ್ರಿಕೆಯ ಮುಖಪುಟ ಎಲ್ಲವೂ ಬಲಕ್ಕೆ ವಾಲಿ ನಿಂತಿವೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಬಹುಪಾಲು ಓರೆ ಅಕ್ಷರಗಳೇ ಅಲ್ಲ, ನೆಟ್ಟಗೆ ನಿಂತಿದ್ದ ಅಕ್ಷರವನ್ನು ಯಂತ್ರ ಪಕ್ಕಕ್ಕೆ ತಳ್ಳಿದ್ದು. ಕನ್ನಡಕ್ಕೆ ತನ್ನದೇ ಆದ ಓರೆ ಅಕ್ಷರ ಒಂದಿತ್ತು. ಮಲೆನಾಡಿನ ಬಸ್ಸುಗಳ ಮೈಮೇಲೆ ಅಲ್ಲಲ್ಲಿ ಇನ್ನೂ ಉಳಿದಿದೆ. ಅದರ ಕಡೆಗೆ ನಮ್ಮ ವಿಮರ್ಶೆ ತಿರುಗಿ ನೋಡಿಲ್ಲ.

ಈ ಲೇಖನಕ್ಕೆ ನನ್ನನ್ನು ಕೂರಿಸಿದ್ದು ಒಂದು ಊರಿನ ಹೆಸರು. ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದು ಹತ್ತು ಕಿಲೋಮೀಟರ್ ಹೋದರೆ ತ್ಯಾವರೆಕೊಪ್ಪ. 1988ರಲ್ಲಿ ಅಲ್ಲಿ ಹುಲಿ-ಸಿಂಹಧಾಮ ಆದ ಮೇಲೆ ಆ ಹೆಸರು ಕೇಳದ ಮಕ್ಕಳು ಜಿಲ್ಲೆಯಲ್ಲಿ ಇಲ್ಲ. ಹೋದ ಬೇಸಿಗೆ ರಜೆಯಲ್ಲಿ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದಾಗ ರಸ್ತೆ ಬದಿಗೆ ಬಾಡಿಗೆ ವಾಹನದವರ ಒಂದು ದೊಡ್ಡ ಫ್ಲೆಕ್ಸ್ ಬಂತು. ಕೆಂಪು ನೆಲ, ಬಿಳಿ ಅಕ್ಷರ, ಸುತ್ತ ದಪ್ಪನೆಯ ಬಿಳಿ ಔಟ್‌ಲೈನ್, ಅದರಾಚೆ ಹಳದಿ ಅಂಚು, ಇಡೀ ಸಾಲು ಬಲಕ್ಕೆ ಓರೆ. ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತಿದ್ದ ನಾಲ್ಕನೆಯದೋ ಐದನೆಯದೋ ತರಗತಿಯ ಹುಡುಗಿ ಗಟ್ಟಿಯಾಗಿ ಓದಿದಳು: ‘ತಾವರೆಕೊಪ್ಪ’. ಪಕ್ಕದಲ್ಲಿದ್ದ ಅಜ್ಜಿ, ‘ತಾವರೆ ಅಲ್ಲ ಕಣೇ, ತ್ಯಾವರೆ’ ಎಂದು ತಿದ್ದಿದರು. ‘ಅಲ್ಲಿ ಹಂಗೇ ಬರ್ದಿದೆ ಅಜ್ಜಿ’ ಅಂದಳು ಹುಡುಗಿ.

ಅವಳದು ತಪ್ಪಲ್ಲ. ಕಣ್ಣಿಗೆ ಕಂಡದ್ದನ್ನು ಓದಿದಳು. ವಾಪಸ್ ಬರುವಾಗ ಅಲ್ಲೇ ಇಳಿದು ಆ ಫ್ಲೆಕ್ಸಿನ ಮುಂದೆ ನಿಂತು ನೋಡಿದೆ, ಫೋಟೊ ತೆಗೆದುಕೊಂಡೆ. ಮನೆಯಲ್ಲಿ ಅದೇ ಹೆಸರನ್ನು ನೆಟ್ಟಗಿನ ಅಕ್ಷರದಲ್ಲಿ ಟೈಪ್ ಮಾಡಿ, ಆಮೇಲೆ ವಾಲಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಹಲವು ಸಂಜೆ ಕಳೆದೆ. ಆರು ಅಕ್ಷರ ಕೂಡ ಇಲ್ಲದ ಈ ಹೆಸರಿನಲ್ಲಿ ಕನ್ನಡದ ಓರೆ ಅಕ್ಷರದ ಕಷ್ಟವೆಲ್ಲ ಇದೆ. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಮೊದಲು ‘ತ್ಯಾ’. ಕನ್ನಡದ ಬಹುಪಾಲು ಒತ್ತುಗಳು ಅಕ್ಷರದ ಅಡಿಯಲ್ಲಿ ಕೂರುತ್ತವೆ. ಯ ಒತ್ತು ಹಾಗಲ್ಲ. ಅಕ್ಷರದ ಬುಡದಿಂದ ಹೊರಟು, ಸಾಲಿಗಿಂತ ಕೆಳಗೆ ಇಳಿದು, ಬಲಕ್ಕೆ ಬಳುಕಿ, ಮತ್ತೆ ಮೇಲಕ್ಕೆ ಏಳುತ್ತದೆ. ಅದರ ಹೊಟ್ಟೆ ಕೆಳಗೆ, ತೋಳು ಮೇಲೆ. ಕಂಪ್ಯೂಟರ್ ಅಕ್ಷರವನ್ನು ವಾಲಿಸುವ ರೀತಿ ಸರಳ. ಅಕ್ಷರ ನಿಂತಿರುವ ಅಡಿಗೆರೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದಕ್ಕಿಂತ ಮೇಲಿರುವುದನ್ನೆಲ್ಲ ಎತ್ತರಕ್ಕೆ ತಕ್ಕಂತೆ ಬಲಕ್ಕೂ, ಕೆಳಗಿರುವುದನ್ನೆಲ್ಲ ಆಳಕ್ಕೆ ತಕ್ಕಂತೆ ಎಡಕ್ಕೂ ಸರಿಸುತ್ತದೆ. ಯ ಒತ್ತಿನ ಹೊಟ್ಟೆ ಆಗ ಎಡಕ್ಕೆ ಜಾರಿ ‘ತ’ದ ಕಾಲಡಿ ಸೇರುತ್ತದೆ, ತೋಳು ಬಲಕ್ಕೆ ಬಾಗಿ ‘ವ’ದ ಕಡೆ ಕೈ ಚಾಚುತ್ತದೆ. ಒಂದೇ ಒತ್ತು ಕಣ್ಣಿಗೆ ಎರಡು ತುಂಡಾಗಿ ಕಾಣುತ್ತದೆ. ಅದರ ಮೇಲೆ ದಪ್ಪ ಮಾಡಲು ಸುತ್ತ ಔಟ್‌ಲೈನ್ ಎಳೆದರೆ ತೋಳಿಗೂ ‘ವ’ಕ್ಕೂ ನಡುವೆ ಇದ್ದ ಸಂದು ಮುಚ್ಚಿಹೋಗಿ, ತೋಳು ‘ವ’ದ ಭಾಗವಾಗುತ್ತದೆ. ಉಳಿಯುವುದು ‘ತಾ’. ಬಸ್ಸಿನ ಹುಡುಗಿ ಓದಿದ್ದು ಅದನ್ನೇ.

ಕೊನೆಯ ‘ಪ್ಪ’ ನೋಡಿ. ನೆಟ್ಟಗಿನ ಅಕ್ಷರದಲ್ಲಿ ಕೆಳಗಿನ ಒತ್ತು ಪ ಅಕ್ಷರದ ಬಲ ಮಗ್ಗುಲಿಗೆ ತಗುಲಿದಂತೆ ತೂಗುತ್ತದೆ. ಓದುವವರ ಕಣ್ಣು ಮೇಲಿನ ಅಕ್ಷರ ಮುಗಿಸಿ ಕೆಳಗಿಳಿಯುವ ದಾರಿ ಅದು. ವಾಲಿಸಿದಾಗ ಮೇಲಿನ ಪ ಬಲಕ್ಕೆ ಹೋಗುತ್ತದೆ, ಒತ್ತು ಎಡಕ್ಕೆ ಬರುತ್ತದೆ. ಈಗ ಒತ್ತು ಇರುವುದು ಹೆಚ್ಚುಕಡಿಮೆ ‘ಕೊ’ ಮತ್ತು ‘ಪ’ಗಳ ನಡುವಿನ ಕೆಳ ಜಾಗದಲ್ಲಿ, ಯಾರದೋ ಮನೆಯ ಮಗು ಇನ್ಯಾರದೋ ಜಗಲಿಯಲ್ಲಿ ಕೂತ ಹಾಗೆ. ‘ಕೊ’ದ ಒತ್ವದ ಕೊಕ್ಕೆಯೂ ಅಲ್ಲೇ ಹತ್ತಿರ ಇರುವುದರಿಂದ ಆ ಮೂಲೆಯಲ್ಲಿ ಮೂರು ಸುರುಳಿ ಸೇರಿ ಒಂದು ಗಂಟು.

ಇದನ್ನು ಅಳತೆಯಲ್ಲಿಯೇ ಹೇಳಬಹುದು. ಅಕ್ಷರದ ಮೈ ಒಂದು ಅಡಿ ಎತ್ತರ ಇದೆ ಎನ್ನಿ, ಅಂದರೆ 12 ಇಂಚು. ಒತ್ತು ಅದರ ಕೆಳಗೆ ಇನ್ನೊಂದು 7 ಇಂಚು ಇಳಿಯುತ್ತದೆ. ಓರೆ 12 ಡಿಗ್ರಿ. ಇಂಗ್ಲಿಷಿನ ದೊಡ್ಡಕ್ಷರ ಒಂದು ಅಡಿ ಎತ್ತರ ಇದ್ದರೆ ತುದಿಗೂ ಬುಡಕ್ಕೂ ನಡುವೆ ಆಗುವ ಪಲ್ಲಟ ಎರಡೂವರೆ ಇಂಚು. ಅದೇ ಓರೆಯಲ್ಲಿ ನಮ್ಮ ‘ಪ್ಪ’ದ ತಲೆಗೂ ಒತ್ತಿನ ತಳಕ್ಕೂ ನಡುವೆ ನಾಲ್ಕು ಇಂಚು. ಇಂಗ್ಲಿಷ್ ಅಕ್ಷರ ಒಂದು ಅಂತಸ್ತಿನ ಮನೆ. ಕನ್ನಡದ್ದು ಮಾಡು, ಮೈ, ನೆಲಮಾಳಿಗೆ ಮೂರೂ ಇರುವ ಮನೆ. ಎರಡನ್ನೂ ಒಂದೇ ಕೋನದಲ್ಲಿ ವಾಲಿಸಿ ಎರಡೂ ಒಂದೇ ರೀತಿ ನಿಲ್ಲಬೇಕು ಎನ್ನುವುದು ನ್ಯಾಯವಲ್ಲ.

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಹೀಗೆ ವಾಲಿಸಿ ನೋಡಿದೆ. ಸಾಗರ, ಸೊರಬ, ಹೊಸನಗರ, ಶಿಕಾರಿಪುರ ಈ ನಾಲ್ಕು ಹೆಸರುಗಳಲ್ಲಿ ಒತ್ತಕ್ಷರವೇ ಇಲ್ಲ. ಯಂತ್ರ ವಾಲಿಸಿದರೂ ಅವು ತಕ್ಕಮಟ್ಟಿಗೆ ನಿಲ್ಲುತ್ತವೆ, ‘ಸಾಗರ’ವಂತೂ ಚೆಂದವಾಗಿಯೇ ಕಾಣುತ್ತದೆ. ಓರೆ ಅಕ್ಷರದ ಪರವಾಗಿ ಹೇಳಬಹುದಾದದ್ದು ಇಷ್ಟು, ಇದನ್ನು ಒಪ್ಪುತ್ತೇನೆ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಈ ಮೂರೂ ಕುಸಿಯುತ್ತವೆ. ಏಳರಲ್ಲಿ ಮೂರು ಊರುಗಳ ಹೆಸರನ್ನು ಸರಿಯಾಗಿ ಬರೆಯಲಾರದ ಅಕ್ಷರವನ್ನು ಜಿಲ್ಲೆಯ ತಲೆಬರಹಕ್ಕೆ ಯೋಗ್ಯ ಎಂದು ಹೇಗೆ ಕರೆಯುವುದು?

ಒತ್ತು ಇಲ್ಲದ ಅಕ್ಷರಕ್ಕೂ ಇನ್ನೊಂದು ಪೆಟ್ಟು ಬೀಳುತ್ತದೆ. ಕನ್ನಡ ಅಕ್ಷರದ ಜೀವಾಳ ಉಂಗುರ. ಒಂದೇ ದಪ್ಪದ ಗೆರೆಯಲ್ಲಿ ಬರೆದ ಉಂಗುರವನ್ನು 12 ಡಿಗ್ರಿ ಬಲಕ್ಕೆ ವಾಲಿಸಿದರೆ ಗೆರೆ ಒಂದೇ ದಪ್ಪ ಉಳಿಯುವುದಿಲ್ಲ. ಎಡ ಮೇಲಿನ ಭುಜ ಮತ್ತು ಬಲ ಕೆಳಗಿನ ಭುಜ ನೂರಕ್ಕೆ ಹತ್ತು ಪಾಲು ತೆಳ್ಳಗಾಗುತ್ತವೆ, ಬಲ ಮೇಲಿನದೂ ಎಡ ಕೆಳಗಿನದೂ ನೂರಕ್ಕೆ ಹನ್ನೊಂದು ಪಾಲು ದಪ್ಪಗಾಗುತ್ತವೆ. ತೆಳುವಿಗೂ ದಪ್ಪಕ್ಕೂ ನಡುವೆ ಹೀಗೆ ಐದನೇ ಒಂದು ಭಾಗದಷ್ಟು ಅಂತರ ಬೀಳುತ್ತದೆ. ಸಾನ್ಸ್ ಸೆರಿಫ್ ಎಂದು ನಾವು ಕನ್ನಡದಲ್ಲಿ ಕರೆಯುವುದು ಏನನ್ನು? ಸೆರಿಫ್ ಎಂಬ ಬಾಲ ನಮ್ಮ ಲಿಪಿಯಲ್ಲಿ ಮೊದಲಿಗೇ ಇರಲಿಲ್ಲ, ಹಾಗಾಗಿ ತೆಗೆಯುವುದಕ್ಕೂ ಏನಿಲ್ಲ. ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವುದಕ್ಕಷ್ಟೇ ನಾವು ಆ ಹೆಸರು ಕೊಟ್ಟಿದ್ದೇವೆ. ವಾಲಿಸಿದ ಕೂಡಲೇ ಕೆಡುವುದು ಆ ಗುಣವೇ. ಉಂಗುರಕ್ಕೆ ಕೈಕಾಲು ಸೊಟ್ಟಗಾದ ನೋಟ ಬರುವುದಕ್ಕೆ ಇದೇ ಕಾರಣ, ನೋಡುವವರಿಗೆ ಯಾಕೆ ಎಂದು ಹೇಳಲು ಬಾರದಿದ್ದರೂ.

ತಲಕಟ್ಟಿನ ಕಥೆ ಇನ್ನೂ ಮುಖ್ಯ. ತಲಕಟ್ಟಿನ ಕೊನೆಯಲ್ಲಿ ಮೇಲೇಳುವ ಗೆರೆ ಬಲಕ್ಕೆ ಓರೆಯಾಗಿಯೇ ಹುಟ್ಟಿದೆ. ಅದನ್ನು ಇನ್ನೂ ಓರೆ ಮಾಡಿದರೆ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ. ತಲೆಬರಹದಲ್ಲಿ ಸಾಲನ್ನು ಹಿಡಿದು ನಿಲ್ಲಿಸುವುದೇ ತಲಕಟ್ಟುಗಳ ಸಾಲು. ಅದೇ ಸೊರಗಿದರೆ ಕೆಳಗಿನ ದಪ್ಪ ಮೈ ಭಾರವಾಗಿ ನೆಲಕ್ಕೆ ಕೂತಂತೆ ಆಗುತ್ತದೆ. ಇದನ್ನು ಗಮನಿಸಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ನೆಟ್ಟಗಿರುವ ಕನ್ನಡ ಅಕ್ಷರದ ತಲೆಯ ಮೇಲೆಯೇ ಒಂದು ಓರೆ ಇದೆ, ಮುಂದಿನ ಅಕ್ಷರದ ಕಡೆ ತೋರುವ ಒಂದು ಬೆರಳಿದೆ. ನಮ್ಮ ಅಕ್ಷರ ನಿಂತಲ್ಲೇ ನಡೆಯುತ್ತಿರುತ್ತದೆ. ವೇಗ ಬೇಕು ಎನ್ನುವ ವಿನ್ಯಾಸಕಾರ ಮೊದಲು ಕೈ ಹಾಕಬೇಕಾದದ್ದು ಅಲ್ಲಿಗೆ.

ದಪ್ಪದ ವಿಷಯ ಬೇಗ ಮುಗಿಸುತ್ತೇನೆ, ಇದು ಓದುಗರಿಗೆ ಗೊತ್ತಿರುವುದೇ. ಧ, ಢ, ಛ, ಫಗಳ ಅಡಿಯಲ್ಲಿ ಸೀಳುವ ಸಣ್ಣ ಗೆರೆಯೊಂದೇ ಮಹಾಪ್ರಾಣಕ್ಕೆ ಆಧಾರ. ಸುತ್ತ ಔಟ್‌ಲೈನ್ ಹಾಕಿ ದಪ್ಪ ಮಾಡಿದರೆ ‘ಧ’ ‘ದ’ ಆಗುತ್ತದೆ, ಗುಡಿಸಿನ ಒಳಗಿನ ಬೆಳಕು ಆರಿಹೋಗುತ್ತದೆ. ನ್ಯೂಸ್‌ಪ್ರಿಂಟ್ ಮೇಲೆ ಶಾಯಿ ಹರಡಿ ಇದು ಇನ್ನೂ ಕೆಡುತ್ತದೆ ಎಂದು ಮೊಳೆ ಜೋಡಿಸುತ್ತಿದ್ದ ಹಳಬರಿಗೆ ತಿಳಿದಿತ್ತು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಮುಂದೆ ನ್ಯೂಸ್‌ಪ್ರಿಂಟ್ ಕೂಡ ತಯಾರಿಸಿತು. ಅಂಥ ಒರಟು ಕಾಗದದ ಮೇಲೆ ‘ಭದ್ರಾವತಿ’ ಎಂಬ ಹೆಸರು ಕಲಸಿಹೋಗದಂತೆ ಉಳಿಯಬೇಕಾದರೆ ಭ ಅಕ್ಷರದ ಹೊಟ್ಟೆಯಲ್ಲಿ ಎಷ್ಟು ಜಾಗ ಬಿಡಬೇಕು ಎನ್ನುವುದು ಅಚ್ಚು ಕೊರೆಯುವವರ ವಿದ್ಯೆಯ ಭಾಗ. ಮೊಳೆಯ ಕಾಲದಲ್ಲಿ ಓರೆ ಅಕ್ಷರ ಬೇಕೆಂದರೆ ಬೇರೆ ಅಚ್ಚನ್ನೇ ಕೊರೆಯಬೇಕಿತ್ತು. ಒಂದು ಗುಂಡಿ ಒತ್ತಿ ವಾಲಿಸುವ ಆಮಿಷವೇ ಇರಲಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ನನ್ನ ಮಾತನ್ನು ಕೇಳಿದಾಗಲೆಲ್ಲ ಮೂರು ಕಡೆಯಿಂದ ಉತ್ತರ ಬರುತ್ತದೆ, ಮೂರೂ ನನಗೆ ಒಪ್ಪಿಗೆಯಿಲ್ಲ.

ಒಂದು ಶುದ್ಧವಾದಿಗಳದ್ದು. ಕನ್ನಡದ್ದು ಮುತ್ತಿನಂಥ ಅಕ್ಷರ, ಓರೆ ಎನ್ನುವುದು ಪರದೇಶದ ಚಾಳಿ, ನಮ್ಮ ಶಾಸನಗಳನ್ನು ನೋಡಿ, ಅಲ್ಲಿ ಓರೆ ಎಲ್ಲಿದೆ ಎನ್ನುತ್ತಾರೆ. ಶಾಸನವನ್ನೇ ನೋಡೋಣ. ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಐದನೆಯ ಶತಮಾನದ್ದು. ಭಾಷೆ ಸಂಸ್ಕೃತ, ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಗಳು. ಆ ಕಾವ್ಯವನ್ನು ರಚಿಸಿದ ಕುಬ್ಜ ಕವಿ ತಾನೇ ಅದನ್ನು ಕಲ್ಲಿನ ಮೇಲೆ ಬರೆದ ಎಂದು ಶಾಸನವೇ ಹೇಳುತ್ತದೆ. ಕಲ್ಲಿಗೆ ಉಳಿ, ಉಳಿಗೆ ಪೆಟ್ಟಿಗೆ ತಲೆ. ಓಲೆಗರಿಗೆ ಕಂಠ, ಕಂಠಕ್ಕೆ ದುಂಡು ಗೆರೆ. ಕಾಗದಕ್ಕೆ ಲೇಖನಿ ಬಂದ ಮೇಲೆ ನಮ್ಮ ಅಜ್ಜಂದಿರ ಕೈಬರಹ ಓರೆಯಾಯಿತು. ಹಳೆಯ ಅಂಚೆ ಕಾರ್ಡು, ಅಡಿಕೆ ಮಂಡಿಯ ಲೆಕ್ಕದ ಪುಸ್ತಕ ತೆಗೆದು ನೋಡಿ, ಬೇಗ ಬರೆಯುವ ಕೈ ಓರೆಯಾಗಿಯೇ ಬರೆಯುತ್ತದೆ. ಅಕ್ಷರದ ರೂಪ ಹುಟ್ಟುವುದು ಉಪಕರಣ ಮತ್ತು ಕೈ ಸೇರುವ ಜಾಗದಲ್ಲಿ. ಅಲ್ಲಿ ಹುಟ್ಟಿದ ಓರೆ ಪರದೇಶದ್ದಲ್ಲ. ನನ್ನ ತಕರಾರು ಓರೆಯ ಮೇಲಲ್ಲ, ಕೈಯಿಲ್ಲದ ಓರೆಯ ಮೇಲೆ.

ಎರಡನೆಯದು ಆಧುನಿಕರದ್ದು. ಇಂಗ್ಲಿಷಿನಲ್ಲೂ ಸಾನ್ಸ್ ಸೆರಿಫ್‌ನ ಇಟಾಲಿಕ್ ಎಂದರೆ ವಾಲಿಸಿದ್ದೇ ಅಲ್ಲವೇ, ಫ್ಯೂಚುರಾ ಕೂಡ ವೃತ್ತದ ಅಕ್ಷರವೇ, ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ 1980ರ ದಶಕದಿಂದ ಕೆಂಪು ಪಟ್ಟಿಯ ಮೇಲೆ ಬಿಳಿಯ ಫ್ಯೂಚುರಾ ದಪ್ಪ ಓರೆಯಲ್ಲಿ ಬರೆದದ್ದು ಜಗತ್ತಿಗೆಲ್ಲ ಹಿಡಿಸಲಿಲ್ಲವೇ ಎನ್ನುತ್ತಾರೆ. ಈ ವಾದ ಕೇಳಲು ಗಟ್ಟಿಯಾಗಿದೆ. ಆದರೆ ಕ್ರೂಗರ್ ಅವರ ಸಾಲುಗಳಲ್ಲಿ ಓರೆಯನ್ನು ಹೊತ್ತು ನಿಲ್ಲುವುದು ವೃತ್ತಗಳಲ್ಲ, ಎಲ್, ಎಚ್, ಟಿ, ಐ ಅಕ್ಷರಗಳ ನೆಟ್ಟನೆಯ ಕಂಬಗಳು. ಕಂಬಗಳೆಲ್ಲ ಒಂದೇ ಕಡೆ ಬಾಗಿದಾಗ ಕಣ್ಣಿಗೆ ಓರೆ ಎಂದು ಗೊತ್ತಾಗುತ್ತದೆ, ನಡುವಿನ ವೃತ್ತಗಳು ಅವುಗಳ ಆಸರೆಯಲ್ಲಿ ಸಾಗುತ್ತವೆ. ಕನ್ನಡದಲ್ಲಿ ಅಂಥ ಕಂಬಗಳೇ ಇಲ್ಲ. ಇನ್ನು ವಾಲಿಸಿದ್ದೇ ಇಟಾಲಿಕ್ ಎನ್ನುವುದು ಚರಿತ್ರೆಗೂ ಸರಿಹೊಂದುವುದಿಲ್ಲ. ವೆನಿಸ್‌ನ ಆಲ್ಡಸ್ ಮನೂಷಿಯಸ್ 1501ರಲ್ಲಿ ಮೊದಲ ಬಾರಿಗೆ ಇಡೀ ಪುಸ್ತಕವನ್ನು ಇಟಾಲಿಕ್‌ನಲ್ಲಿ ಅಚ್ಚು ಹಾಕಿದಾಗ ಅದಕ್ಕೆ ಮಾದರಿ ಆ ಕಾಲದ ವಿದ್ವಾಂಸರ ಕೈಬರಹ. ನೆಟ್ಟಗಿನ ಅಕ್ಷರವನ್ನು ಅವರು ವಾಲಿಸಲಿಲ್ಲ. ನೆಟ್ಟಗಿನದನ್ನೇ ಓರೆ ಮಾಡಿದರೆ ಅದೇ ಆದರ್ಶ ಇಟಾಲಿಕ್ ಎಂದು ಇಂಗ್ಲೆಂಡಿನ ಮುದ್ರಣ ತಜ್ಞ ಸ್ಟಾನ್ಲಿ ಮಾರಿಸನ್ 1926ರಲ್ಲಿ ಪ್ರಬಂಧ ಬರೆದು ವಾದಿಸಿದರು. ಎರಿಕ್ ಗಿಲ್ ಅವರ ಪರ್ಪೆಚುವಾ ಅಕ್ಷರದಲ್ಲಿ ಆ ಸೂತ್ರವನ್ನು ಪ್ರಯೋಗಿಸಿ, ಸರಿಬಾರದೆ, ತಿದ್ದಬೇಕಾಗಿ ಬಂತು. ಯಾವ ಸೂತ್ರವನ್ನು ಅದು ಹುಟ್ಟಿದ ನಾಡಿನಲ್ಲೇ ತಿದ್ದಿಕೊಂಡರೋ ಅದನ್ನು ನಮ್ಮವರು ನೂರು ವರ್ಷದ ಮೇಲೆ ಹೊಸತೆಂಬಂತೆ ತಂದುಕೊಂಡಿದ್ದಾರೆ. 1957ರಲ್ಲಿ ಬಂದ ಯೂನಿವರ್ಸ್ ಅಕ್ಷರಕ್ಕೆ ಆಡ್ರಿಯನ್ ಫ್ರುಟಿಗರ್ ಓರೆ ರೂಪಗಳನ್ನೂ ಸೇರಿಸಿಯೇ ಇಡೀ ಕುಟುಂಬವನ್ನು ಯೋಜಿಸಿದರು. ಅಲ್ಲಿ ಓರೆ ಎನ್ನುವುದು ಆಮೇಲೆ ಒತ್ತಿದ ಗುಂಡಿಯಲ್ಲ.

ಇದೇ ಗುಂಪಿನವರಿಗೆ ಇನ್ನೊಂದು ಮಾತು ಹೇಳಬೇಕು. ಇಂಗ್ಲಿಷ್ ಬರಹದಲ್ಲಿ ಇಟಾಲಿಕ್‌ಗೆ ವ್ಯಾಕರಣದ ಕೆಲಸ ಇದೆ. ಒತ್ತಿ ಹೇಳಬೇಕಾದ ಪದ ಓರೆಯಾಗುತ್ತದೆ, ಪುಸ್ತಕದ ಹೆಸರು ಓರೆಯಾಗುತ್ತದೆ. ಕನ್ನಡದಲ್ಲಿ ಒತ್ತಿ ಹೇಳಲು ‘ಏ’ ಇದೆ, ‘ಊ’ ಇದೆ. ನಾನೇ, ಇವತ್ತೇ, ಅವನೂ ಎಂದರೆ ಮುಗಿಯಿತು. ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಸಾಕಾಗಿದೆ. ಹಾಗಾಗಿ ಪಠ್ಯದೊಳಗೆ ನಮಗೆ ಓರೆ ಅಕ್ಷರದ ಅಗತ್ಯವೇ ಇಲ್ಲ. ಉಳಿದಿರುವುದು ತಲೆಬರಹ ಮತ್ತು ಬೋರ್ಡು ಮಾತ್ರ. ಅಲ್ಲಿ ಅದು ಅರ್ಥಕ್ಕೆ ಏನನ್ನೂ ಸೇರಿಸದೆ ಬರೀ ನೋಟಕ್ಕಾಗಿ ಬರುತ್ತದೆ. ನೋಟಕ್ಕಾಗಿ ಬಂದದ್ದು ನೋಟವನ್ನೇ ಕೆಡಿಸಿದರೆ ಅದಕ್ಕೆ ಬೇರೆ ಸಮರ್ಥನೆ ಎಲ್ಲಿಂದ ತರುವುದು?

ಮೂರನೆಯ ಉತ್ತರ ನನಗೆ ಎಲ್ಲಕ್ಕಿಂತ ನೋವು ಕೊಡುವುದು. ಜನ ಇದನ್ನೆಲ್ಲ ಗಮನಿಸುವುದಿಲ್ಲ ಬಿಡಿ ಎನ್ನುತ್ತಾರೆ. ಅಕ್ಷರದ ಬಗ್ಗೆ ಬರೆಯುವ ವಿಮರ್ಶಕರೊಬ್ಬರೇ ಸಭೆಯೊಂದರಲ್ಲಿ ನನಗೆ ಹೀಗೆ ಹೇಳಿದರು. ಜನ ಗಮನಿಸುತ್ತಾರೆ. ಆ ಹುಡುಗಿ ಗಮನಿಸಿದಳು, ಒಂದು ಊರಿನ ಹೆಸರನ್ನು ತಪ್ಪಾಗಿ ಕಲಿತಳು. ಅಜ್ಜಿ ಇದ್ದರು, ತಿದ್ದಿದರು. ಬೆಂಗಳೂರಿನಿಂದಲೋ ಬಳ್ಳಾರಿಯಿಂದಲೋ ಸಿಂಹಧಾಮ ನೋಡಲು ಬರುವ ಮಕ್ಕಳಿಗೆ ತಿದ್ದುವವರು ಯಾರು? ಓದುಗನಿಗೆ ಕಣ್ಣಿಲ್ಲ ಎಂದುಕೊಂಡು ವಿಮರ್ಶೆ ಬರೆಯುವುದು ಸಾಧ್ಯವಿಲ್ಲ.

ಇನ್ನು ಆ ಬಸ್ಸಿನ ಅಕ್ಷರ. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂದು ಗಂಟೆ ನಿಂತರೆ ಕಾಣುತ್ತದೆ. ಹೊಸ ಬಸ್ಸುಗಳ ಮೇಲೆ ಸ್ಟಿಕರ್. ಹಳೆಯ ಕೆಲವು ಬಸ್ಸುಗಳ ಮಗ್ಗುಲಲ್ಲಿ, ಕಿಟಕಿಗಳ ಕೆಳಗೆ ಉದ್ದಕ್ಕೆ, ಇನಾಮಲ್ ಬಣ್ಣದಲ್ಲಿ ಕೈಯಿಂದ ಬರೆದ ಹೆಸರು. ದಪ್ಪ, ಓರೆ, ಅಡಿಗೊಂದು ನೆರಳು. ಮೇಲ್ನೋಟಕ್ಕೆ ಫ್ಲೆಕ್ಸಿನ ಅಕ್ಷರದ ಅಣ್ಣನಂತೆ ಕಾಣುತ್ತದೆ, ಹತ್ತಿರ ಹೋದರೆ ಸಂಬಂಧವೇ ಇಲ್ಲ ಎಂದು ಗೊತ್ತಾಗುತ್ತದೆ.

ಅಂಥ ಒಂದು ಬಸ್ಸಿನ ಮೇಲೆ ‘ಶ್ರೀ ಅನ್ನಪೂರ್ಣೇಶ್ವರಿ’ ಎಂದು ಬರೆದಿತ್ತು. ಒ‌ತ್ತು, ಅರ್ಕಾವೊತ್ತು, ಏತ್ವ, ದೀರ್ಘ ಎಲ್ಲ ಇರುವ ಹೆಸರು. ಬರೆದವರು ಅಕ್ಷರದ ಮೈಯನ್ನಷ್ಟೇ ಬಲಕ್ಕೆ ಬಾಗಿಸಿದ್ದಾರೆ. ನ ಅಕ್ಷರದ ಒತ್ತು ಎಡಕ್ಕೆ ಜಾರಿಲ್ಲ. ಅದನ್ನು ಬೇಕೆಂದೇ ಬಲಕ್ಕೆ ತಂದು, ಮೇಲಿನ ಅಕ್ಷರದ ಹೊಟ್ಟೆಯ ನೇರ ಕೆಳಗೆ, ಸ್ವಲ್ಪ ಚಿಕ್ಕದಾಗಿ, ಹೆಚ್ಚುಕಡಿಮೆ ನೆಟ್ಟಗೆ ಕೂರಿಸಿದ್ದಾರೆ. ಮೇಲಿನದು ಓಡುತ್ತಿದೆ, ಒತ್ತು ಅದರ ಕಾಲಿಗೆ ಚಕ್ರ ಕಟ್ಟಿದಂತೆ ಅಡಿಯಲ್ಲೇ ಉರುಳುತ್ತಿದೆ. ತಲಕಟ್ಟುಗಳನ್ನು ದಪ್ಪ ಕುಂಚದಲ್ಲಿ ಎಳೆದು, ಕೊನೆಯ ಗೆರೆಯನ್ನು ಉದ್ದ ಮಾಡದೆ, ಕತ್ತರಿಸಿದಂತೆ ಮೊಂಡಾಗಿ ನಿಲ್ಲಿಸಿದ್ದಾರೆ. ಉಂಗುರಗಳನ್ನು ವಾಲಿಸಿಲ್ಲ, ಮೊಟ್ಟೆಯಾಕಾರದಲ್ಲಿ ಹೊಸದಾಗಿ ಬರೆದಿದ್ದಾರೆ, ಗೆರೆ ಎಲ್ಲ ಕಡೆ ಒಂದೇ ದಪ್ಪ. ಕೊನೆಯ ‘ರಿ’ಯ ಗುಡಿಸು ಎಲ್ಲಕ್ಕಿಂತ ಎತ್ತರಕ್ಕೆ ಏರಿ ಹಿಂದಕ್ಕೆ, ಎಡಕ್ಕೆ ತಿರುಗಿದೆ. ಓಡುವ ಸಾಲನ್ನು ತಡೆದು ನಿಲ್ಲಿಸುವ ಬ್ರೇಕ್ ಅದು.

ಈ ಗುಡಿಸಿನ ಮುಂದೆ ನಾನು ತುಂಬ ಹೊತ್ತು ನಿಂತೆ. ಓರೆ ಅಕ್ಷರದ ಸಾಲಿನ ಕೊನೆಯಲ್ಲಿ ಕಣ್ಣು ಹೊರಗೆ ಜಾರಿಹೋಗುತ್ತದೆ, ಅದಕ್ಕೊಂದು ತಡೆ ಬೇಕು ಎಂದು ಬರೆದವರಿಗೆ ತಿಳಿದಿತ್ತು. ಯಾವ ಶಾಲೆಯಲ್ಲಿ ಕಲಿತದ್ದೂ ಅಲ್ಲ. ಸೀಮೆಸುಣ್ಣದ ದಾರ ಎಳೆದು ಎರಡು ಗೆರೆ ಹೊಡೆದುಕೊಂಡು, ಒತ್ತಿಗೆ ಕೆಳಗೆ ಮೂರನೆಯ ಗೆರೆ ಹೊಡೆದುಕೊಂಡು, ತಗಡಿನ ಮೇಲೆ ಸಾವಿರ ಸಲ ಬರೆದ ಕೈಗೆ ಬಂದ ತಿಳಿವಳಿಕೆ. ಆ ಮೂರನೆಯ ಗೆರೆಯೇ ನನ್ನ ಇಡೀ ವಾದ. ಪೇಂಟರ್ ಒತ್ತಿಗೆ ಬೇರೆ ಗೆರೆ, ಬೇರೆ ಲೆಕ್ಕ ಇಟ್ಟುಕೊಳ್ಳುತ್ತಾರೆ. ಯಂತ್ರಕ್ಕೆ ಇರುವುದು ಒಂದೇ ಅಡಿಗೆರೆ.

ಹಾಗಾದರೆ ಕನ್ನಡದ ಫಾಂಟುಗಳಲ್ಲಿ ಇದು ಏಕೆ ಬಂದಿಲ್ಲ? ಒಳ್ಳೆಯ ಕೆಲಸ ಆಗಿಲ್ಲ ಎಂದಲ್ಲ. ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ ಎಂಬ ಫಾಂಟ್ ಬಂದ ಮೇಲೆ ನಮ್ಮ ದಪ್ಪಕ್ಷರದ ಒಳಗೆ ಗಾಳಿ ಬೆಳಕು ಬಂತು. ಅದೇ ಸಂಸ್ಥೆಯಿಂದ 2022ರಲ್ಲಿ ಬಂದ, ವೈಷ್ಣವಿ ಮೂರ್ತಿ ವಿನ್ಯಾಸ ಮಾಡಿದ ಅನೇಕ್ ಕನ್ನಡ ತೆಳುವಿನಿಂದ ಅತಿ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ದಪ್ಪ ರೂಪದಲ್ಲಿ ಒತ್ತುಗಳಿಗೆ ಕೊಟ್ಟಿರುವ ಗಮನ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ನೋಟೋ ಸಾನ್ಸ್ ಕನ್ನಡದಲ್ಲೂ ಒಂಬತ್ತು ಹಂತದ ದಪ್ಪಗಳಿವೆ. ಈ ಮೂರರಲ್ಲಿ ಯಾವುದಕ್ಕೂ ಓರೆ ರೂಪವಿಲ್ಲ. ಫಾಂಟಿನಲ್ಲಿ ಓರೆ ಇಲ್ಲದಿದ್ದರೂ ‘ಐ’ ಗುಂಡಿ ಒತ್ತಿದರೆ ಯಂತ್ರ ಬೇಡ ಎನ್ನುವುದಿಲ್ಲ, ತಾನೇ ವಾಲಿಸಿಕೊಡುತ್ತದೆ. ವಿನ್ಯಾಸಕಾರರು ಎಷ್ಟೋ ತಿಂಗಳು ಕೂತು ಕೂರಿಸಿದ ಒತ್ತನ್ನು ಒಂದು ಗುಂಡಿ ಅಲ್ಲಾಡಿಸಿಬಿಡುತ್ತದೆ. ದಪ್ಪ ಮತ್ತು ಅಗಲ ಎರಡೂ ಇದ್ದರೆ ಸಾಕು, ಓರೆ ಬೇಡ ಎಂದು ಈ ಫಾಂಟುಗಳನ್ನು ಮೆಚ್ಚಿ ಬರೆದವರು ಹೇಳಿದ್ದಾರೆ. ಬೇಡ ಎಂದರೆ ಬೀದಿ ಕೇಳುವುದಿಲ್ಲ. ಬಿಟ್ಟ ಜಾಗಕ್ಕೆ ಯಂತ್ರ ಬಂದು ಕೂತಿದೆ.

ಓರೆ ಅಕ್ಷರದ ಈ ಪ್ರಶ್ನೆ ಈಗ ಹಿಂದಿಗಿಂತ ಜರೂರಾಗಿದೆ. 2024ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು. ನಾನು ಈ ಕಾನೂನಿನ ಪರ. ಆದರೆ ಅದು ಬಂದ ಮೇಲೆ ಶಿವಮೊಗ್ಗದ ದುರ್ಗಿಗುಡಿ, ನೆಹರು ರಸ್ತೆಗಳಲ್ಲಿ ಆಗಿರುವುದನ್ನು ನೋಡಿ. ಬೂಟು, ಬೈಕು, ಕೊರಿಯರ್, ಜಿಮ್ ಇವುಗಳ ಇಂಗ್ಲಿಷ್ ಹೆಸರುಗಳು ಅನೇಕ ಕಡೆ ದಪ್ಪ ಓರೆ ಸಾನ್ಸ್‌ನಲ್ಲಿವೆ. ಪಕ್ಕದಲ್ಲಿ ಕನ್ನಡ ಬರಬೇಕು, ಇಂಗ್ಲಿಷಿಗೆ ಹೊಂದಬೇಕು, ನಾಳೆಯೇ ಆಗಬೇಕು. ಫ್ಲೆಕ್ಸ್ ಅಂಗಡಿಯ ಹುಡುಗ ಕೈಗೆ ಸಿಕ್ಕ ಫಾಂಟ್ ತೆಗೆದು, ಕೋರಲ್ ಡ್ರಾದಲ್ಲಿ ಅಂಚು ಹಿಡಿದು ಎಳೆಯುತ್ತಾನೆ. ಅವನನ್ನು ದೂರುವುದು ತಪ್ಪು. ಅವನ ಕೈಗೆ ನಾವು ಬೇರೇನನ್ನೂ ಕೊಟ್ಟಿಲ್ಲ. ಕನ್ನಡ ದೊಡ್ಡದಾಯಿತು, ಮೇಲೆ ಬಂತು, ಆದರೆ ಇಂಗ್ಲಿಷಿನ ಓರೆಗೆ ತಲೆಬಾಗಿ ಬಂತು. ಅಳತೆಯಲ್ಲಿ ಅರವತ್ತು ಸಿಕ್ಕಿದರೂ ಇಂಥ ಬೋರ್ಡುಗಳಲ್ಲಿ ಗೆದ್ದಿರುವುದು ಇಂಗ್ಲಿಷೇ.

ಆದ್ದರಿಂದ ಅಕ್ಷರ ವಿನ್ಯಾಸ ಮಾಡುವವರಲ್ಲಿ ನನ್ನದೊಂದು ಕೇಳಿಕೆ. ಕನ್ನಡಕ್ಕೆ ಒಂದು ದಪ್ಪ ಓರೆ ಸಾನ್ಸ್ ಬೇಕು, ತಲೆಬರಹಕ್ಕೂ ಬೋರ್ಡಿಗೂ ಮಾತ್ರ. ಅದನ್ನು ನೆಟ್ಟಗಿನದರಿಂದ ತೆಗೆಯಬೇಡಿ. ಓರೆ 12 ಡಿಗ್ರಿ ಬೇಡ, ಅದಕ್ಕಿಂತ ಕಡಿಮೆ ಸಾಕು. ಒತ್ತಿಗೆ ಬೇರೆ ಅಡಿಗೆರೆ ಕೊಡಿ. ಯ ಒತ್ತಿನ ತೋಳನ್ನು ಮುಂದಿನ ಅಕ್ಷರಕ್ಕೆ ತಾಗದಂತೆ ಗಿಡ್ಡ ಮಾಡಿ. ಶುರು ಮಾಡುವ ಮೊದಲು ಒಂದು ವಾರ ಮಲೆನಾಡಿಗೆ ಬನ್ನಿ. ಬಸ್ಸಿನ ಮೇಲೆ ಹೆಸರು ಬರೆಯುತ್ತಿದ್ದ ಪೇಂಟರುಗಳಲ್ಲಿ ಹಲವರು ಕುಂಚ ಬಿಟ್ಟಿದ್ದಾರೆ, ಕೆಲವರು ಇನ್ನೂ ಗ್ಯಾರೇಜುಗಳಲ್ಲಿ ಸಿಗುತ್ತಾರೆ. ಅವರ ಮುಂದೆ ತಗಡಿನ ಹಲಗೆ ಇಟ್ಟು ‘ತ್ಯಾವರೆಕೊಪ್ಪ’ ಎಂದು ಬರೆಸಿ.

ನಾನು ಒಬ್ಬರಿಂದ ಬರೆಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಆ ಹಲಗೆಯನ್ನು ನಮ್ಮ ಬೀದಿಯ ಶಾಲೆಗೆ ಹೋಗುವ ಮಕ್ಕಳಿಗೆ ರಸ್ತೆಯ ಆಚೆ ಬದಿಯಿಂದ ತೋರಿಸಿದೆ. ಎಲ್ಲರೂ ಸರಿಯಾಗಿ ಓದಿದರು.